ಹದಿನೇಳು ಯಂತ್ರಕ್ಕೊಂದು ಸಾಫ್ಟ್‌ವೇರ್

ಸಾಫ್ಟ್‌ವೇರ್ ಆರಿಸೋ ಕೆಲಸ ನನ್ನ ಕೊರಳಿಗೆ ಹ್ಯಾಂಗ ಬಿತ್ತು ಅಂತ ಹೇಳಿದ್ರ ಈಗ ಎಲ್ಲಾರೂ ನಗ್ತಾರ. ನಗ್ಲಿ ಬಿಡ್ರಿ. ಆ ಎರಡು ತಿಂಗಳು ನಾನು ಮಾತ್ರ ಒಂದಿನಾನೂ ನೆಟ್ಟಗ ನಿದ್ದಿ ಮಾಡಲಿಲ್ಲ.

ಶಹಾಪುರದಾಗ ಒಬ್ಬ ಕಾಲುವಿ ಗುತ್ತಿಗೆದಾರರ ಆಫೀಸಿನ್ಯಾಗ ನಾನು ಟೈಪಿಂಗ್ ಮಾಡಾಕ ಅಂತ ಸೇರಿದಾಕಿ. ಹತ್ತು ವರ್ಷ ಕುಂತು ಕುಂತು ಯಂತ್ರದ ರಿಜಿಸ್ಟರ್ ನನ್ನ ಕೈಗೆ ಬಂತು, ಆಮ್ಯಾಲ ಫ್ಯಾನಿನ ಕೆಳಗಿನ ಖುರ್ಚಿನೂ ಬಂತು. ನಮ್ಮಲ್ಲಿ ಹದಿನೇಳು ಯಂತ್ರ ಇದ್ದುವು. ನಾಲ್ಕು ಇಟಾಚಿ, ಮೂರು ಜೇಸೀಬಿ, ಏಳು ಟಿಪ್ಪರ್, ಎರಡು ರೋಲರ್, ಒಂದು ಡೋಜರ್. ಚೈನಿನ ಮ್ಯಾಲ ಆಮೀ ನಡಿಗಿ ನಡಿಯೋ, ಮಣ್ಣು ತೋಡೋ ದೊಡ್ಡ ಯಂತ್ರ ಯಾವ ಕಂಪನಿದೇ ಇರ್ಲಿ, ನಮ್ಮ ಕಡೆ ಅದಕ್ಕ ಇಟಾಚಿ ಅಂತನೇ ಅಂತಾರ. ಇವು ಹದಿನೇಳೂ ಶಹಾಪುರ, ಸುರಪುರ, ಕೆಂಭಾವಿ, ಯಾದಗಿರಿ ಹಾದಿ ಅಂತ ಕಂಡಕಂಡಲ್ಲಿ ಚೆಲ್ಲಾಪಿಲ್ಲಿ ಇರ್ತಿದ್ದುವು. ಯಾವುದು ಎಲ್ಲ್ಯದ ಅನ್ನೋದು ನನಗೊಬ್ಬಾಕಿಗೇ ಗೊತ್ತಿತ್ತು. ಮುಂಜಾನಿ ಒಂಬತ್ತಕ್ಕ ಫೋನ್ ಹಿಡದು ಕುಂತ್ರ ಹತ್ತರೊಳಗ ಹದಿನೇಳು ಜನರ ಹತ್ರ ಹದಿನೇಳು ಸುಳ್ಳು ಕೇಳಿ, ಅದರಾಗಿಂದ ಖರೇ ಯಾವುದು ಅಂತ ಹೆಕ್ಕಿ ರಿಜಿಸ್ಟರ್‌ನ್ಯಾಗ ಬರೀತಿದ್ದೆ.

ಬ್ಯಾಸಗ್ಯಾಗ ಕಾಲುವಿ ನೀರು ಬಂದ್ ಮಾಡ್ತಾರ. ಅಷ್ಟ ದಿನದಾಗ ಹೂಳು ತಗೀಬೇಕು, ಒಡದ ಕಾಂಕ್ರೀಟು ಕಿತ್ತು ಹೊಸಾದು ಹಾಕಬೇಕು, ನೀರು ಬಿಡೋದ್ರೊಳಗ ಎಲ್ಲಾ ಯಂತ್ರ ಮ್ಯಾಲ ಹತ್ತಿಸಬೇಕು. ಸಾವ್ಕಾರ್ರು, ಅಂದ್ರ ನಮ್ಮ ಕಂಪನಿ ಮಾಲಕರು, ಆ ದಿನದಾಗ ಮನುಷ್ಯಾರ ಜೊತಿ ಮಾತಾಡಂಗಿಲ್ಲ, ಬರೇ ಒದರ್ತಾರ.

ಈ ಕಾಲುವಿ ಕೆಲಸದಾಗ ಎಲ್ಲೂ ಬರೀದೇ ಇರೋ ಒಂದು ರಿವಾಜು ಅದ. ಯಾವ ಊರ ಸೀಮ್ಯಾಗ ನಮ್ಮ ಯಂತ್ರ ನಿಲ್ಲತಾವೋ ಆ ಊರಿನವರು ನಮ್ಮ ಆಪರೇಟರ್‌ಗಳಿಗೆ ಕುಡಿಯಾಕ ನೀರು, ಮಲಗಾಕ ಗುಡಿ ಕಟ್ಟಿ, ಹಬ್ಬಿದ್ರ ಹೋಳಿಗಿ ಕೊಡ್ತಾರ. ಬದಲಿಗೆ ಆ ಊರಾಗ ಯಾರಾದ್ರೂ ತೀರಿಕೊಂಡ್ರ ಇಟಾಚಿ ಹೋಗಿ ಹೆಣ ಹೂಳಾಕ ಕುಣಿ ತೋಡಿ ಬರಬೇಕು. ಬ್ಯಾಸಗ್ಯಾಗ ನಮ್ಮ ಎರಿ ಮಣ್ಣು ಕಲ್ಲಾಗ್ತದ, ಅದರ ಕೆಳಗ ಗರಸು. ಹಾರಿ ಹಿಡದು ನಾಲ್ಕು ಮಂದಿ ಅರ್ಧ ದಿನ ಬಡದ್ರೂ ಮೊಣಕಾಲ ಮಟ ಹೋಗಂಗಿಲ್ಲ. ಇಟಾಚಿ ಬಂದ್ರ ಒಂದು ತಾಸು. ಇದಕ್ಕ ಊರಿನ ತಾಸು ಅಂತಿದ್ರು. ಊರಿನವರು ನನಗ ಫೋನ್ ಮಾಡ್ತಿದ್ರು, ನಾನು ಹ್ಞೂಂ ಅಂತಿದ್ದೆ, ರಿಜಿಸ್ಟರ್‌ನ್ಯಾಗ 'ಗ್ರೀಸ್ ಹಚ್ಚಿದ್ದು' ಅಂತ ಬರೀತಿದ್ದೆ. ನಮ್ಮ ಯಂತ್ರಕ್ಕ ಹಚ್ಚಿದಷ್ಟು ಗ್ರೀಸ್ ಇಡೀ ಜಿಲ್ಲಾದಾಗ ಯಾರೂ ಹಚ್ಚಿರಲಿಕ್ಕಿಲ್ಲ. ಇದು ಗೊತ್ತಿಲ್ಲದಾವರು ಅಂದ್ರ ಸಾವ್ಕಾರ್ರು ಒಬ್ಬರೇ.

ಆ ವರ್ಷ ಉಗಾದಿ ಆದ ಮ್ಯಾಲ ನನಗೊಂದು ಸುದ್ದಿ ಬಂತು. ಸುರಪುರದಾಗ ನಾನು ಹೈಸ್ಕೂಲ್ ಓದೋವಾಗ ರೊಟ್ಟಿ ಬಡದು ಮಾರೋ ಒಬ್ಬಾಕಿ ಇದ್ಳು. ನಮ್ಮ ಬಳಗಲ್ಲ, ಬೀಗರಲ್ಲ, ಏನೂ ಅಲ್ಲ. ನಮ್ಮಪ್ಪ-ಅವ್ವ ಕೂಲಿಗೆ ಹೋಗೋರು, ನನ್ನ ಹತ್ರ ಡಬ್ಬಿ ಇರ್ತಿರಲಿಲ್ಲ ಅನ್ನೋದು ಆಕಿಗೆ ಹ್ಯಾಂಗ ಗೊತ್ತಾಯ್ತೋ, ಮೂರು ವರ್ಷ ದಿನಾ ಎರಡು ರೊಟ್ಟಿ, ಮ್ಯಾಲ ಪುಂಡಿಪಲ್ಯ ಇಟ್ಟು ಕೈಯಾಗ ಕೊಡ್ತಿದ್ಳು. 'ತಿನ್ನಬೇ, ತಿಂದು ಓದು' ಅಂತ ಬೈದು ಕೊಡ್ತಿದ್ಳು. ಮುಪ್ಪಿನ್ಯಾಗ ಕೆಂಭಾವಿ ಕಡೆ ತನ್ನ ಹುಟ್ಟಿದ ಹಳ್ಳಿಗೆ ಹೋಗಿ ಇದ್ಳು, ಅಲ್ಲೇ ತೀರಿಕೊಂಡ್ಳು. ಹೆತ್ತ ಮಕ್ಕಳಿಲ್ಲ. ಹಾರಿ ಹಿಡಿಯಾಕ ಬಂದಾವರು ಇಬ್ಬರು, ಅವರೂ ಮುದುಕರು.

ನಮ್ಮ ಇಟಾಚಿ ಒಂದು ಆ ಹಳ್ಳಿಯಿಂದ ಮೂರು ಕಿಲೋಮೀಟರ್ ಮ್ಯಾಲ ಕಾಲುವ್ಯಾಗ ಇತ್ತು. ಅದನ್ನ ನಡಸಾಂವ ತಿಂಥಣಿ ಕಡೆಯಾಂವ, ಐವತ್ತು ದಾಟಿದಾಂವ, ಎಲ್ಲಾರೂ ಕಾಕಾ ಅಂತಿದ್ರು. ಆ ಹಳ್ಳಿಯವರು ಅವನಿಗೆ ಏನೂ ಕೇಳಿರಲಿಲ್ಲ, ಯಾಕಂದ್ರ ನಾವು ಅವರ ಸೀಮ್ಯಾಗ ಇರಲಿಲ್ಲ, ಪಕ್ಕದೂರಿನ ಸೀಮ್ಯಾಗ ಇದ್ವಿ. ರಿವಾಜಿನ ಪ್ರಕಾರನೂ ಆಕಿಗೆ ತಾಸು ಸಿಗಂಗಿರಲಿಲ್ಲ. ನಾನೇ ಫೋನ್ ಮಾಡಿದೆ. 'ಸುರಪುರದಾಗ ರೊಟ್ಟಿ ಮಾರ್ತಿದ್ದಾಕಿ ತೀರಿಕೊಂಡಾಳ' ಅಂತ ಶುರು ಮಾಡಿದೆ. ಕಾಕಾ ಪೂರಾ ಕೇಳಲೇ ಇಲ್ಲ, 'ಹೊಂಟೆನ್ರಿ ಅಕ್ಕಾರ' ಅಂದು ಇಟ್ಟ.

ಅದೇ ಹೊತ್ತಿಗೆ ಸಾವ್ಕಾರ್ರು ಒಬ್ಬ ದೊಡ್ಡ ಇಂಜಿನಿಯರ್ ಸಾಹೇಬರನ್ನ ಕರಕೊಂಡು, 'ನೋಡ್ರಿ, ನಮ್ಮ ಇಟಾಚಿ ಹ್ಯಾಂಗ ಕೆಲಸ ಮಾಡಾಕತ್ತದ' ಅಂತ ಕಾಲುವಿ ದಂಡಿ ಮ್ಯಾಲ ನಿಂತು ಕೈ ತೋರಿಸ್ಯಾರ. ಕಾಲುವ್ಯಾಗ ಒಂದು ನಾಯಿ ಮಲಗಿತ್ತಂತ. ಇಟಾಚಿ ಇರಲಿಲ್ಲ.

ಎರಡು ತಾಸು ಕಾದು ನಿಂತ್ರು. ಆಮ್ಯಾಲ ಇಟಾಚಿ ದಂಡಿ ಹಿಡದು ಕುರ್ರ್ ಕುರ್ರ್ ಅಂತ ಬಂತು. ಸಾವ್ಕಾರ್ರು ಇಂಜಿನಿಯರ್ ಮುಂದನೇ, 'ಎಲ್ಲಿಗೆ ಹೋಗಿದ್ದ್ಯೋ?' ಅಂತ ಒದರಿದ್ರಂತ. ಕಾಕಾ ಇಳದು, ಕೈ ಕಟ್ಟಿ, 'ಹಾದಿ ತಪ್ಪಿತ್ರಿ' ಅಂದ.

ವಿಚಾರ ಮಾಡ್ರಿ. ಇಪ್ಪತ್ತು ಟನ್ನಿನ ಯಂತ್ರ. ಮನುಷ್ಯಾ ನಡಿಯೋಷ್ಟು ಜೋರನೂ ಹೋಗಂಗಿಲ್ಲ. ಒಂದೇ ಕಾಲುವಿ, ಒಂದೇ ದಂಡಿ, ಅದರಾಗ ಹಾದಿ ತಪ್ಪಿತಂತ.

ಸಂಜಿಗೆ ನಾನು ಅಳ್ಕೊಂತ ಫೋನ್ ಮಾಡಿ, 'ಕಾಕಾ, ನಾಳೆ ನಾನೇ ಹೇಳಿಬಿಡ್ತೀನಿ' ಅಂದೆ. 'ನೀವು ಸುಮ್ನಿರ್ರಿ ಅಕ್ಕಾರ' ಅಂದ. 'ನನಗ ಬೈತಾರ, ನಾಲ್ಕು ದಿನ ಆದ ಮ್ಯಾಲ ಬಿಡ್ತಾರ. ನಿಮಗಾದ್ರ ಖುರ್ಚಿನೇ ಹೋಗ್ತದ. ಸಾವ್ಕಾರ್ರ ಅಳಿಯ ಅದರ ಮ್ಯಾಲ ಕಣ್ಣಿಟ್ಟು ಕುಂತಾನ.' ಅದು ಖರೇನೇ ಇತ್ತು. ನನಗ ನಾಚಿಕಿ ಆಯ್ತು, ಆದ್ರೂ ಸುಮ್ನಾದೆ. ಖುರ್ಚಿ ಆಸೆ ಅಂಥಾದ್ದು.

ಆದ್ರ ಸಾವ್ಕಾರ್ರು ನಾಲ್ಕು ದಿನಕ್ಕ ಬಿಡಲಿಲ್ಲ. ಕಾಕಾನ್ನ ಕಂಡಾಗೊಮ್ಮೆ ಎಲ್ಲಾರ ಮುಂದ, 'ಏನೋ, ಇವತ್ತ ಹಾದಿ ಸಿಕ್ಕತೇನು?' ಅಂತ ಕೇಳಾಕತ್ತಿದ್ರು. ಉಳಿದ ಆಪರೇಟರ್‌ಗಳೂ ಶುರು ಹಚ್ಚಿಕೊಂಡ್ರು. ಕಾಕಾ ಚಾ ಕುಡಿಯಾಕ ಎದ್ರ ಒಬ್ಬಾಂವ ಕೈ ಹಿಡದು ಹೋಟೆಲ್ ಬಾಗಲ ತನಕ ಬಿಟ್ಟು ಬರ್ತಿದ್ದ. ಒಂದಿನ ಸಾವ್ಕಾರ್ರು ನನ್ನ ಮುಂದ ಬಂದು ಕುಂತು ಹೇಳಿದ್ರು: 'ಯವ್ವಾ, ಆ ಮನುಷ್ಯಾ ಬೇಕಂತಲೇ ಎಲ್ಲೋ ಖಾಸಗಿ ಕೆಲಸಕ್ಕ ಹೋಗಿದ್ದ. ಈಗ ಎಂಥದೋ ಸಾಫ್ಟ್‌ವೇರ್ ಬಂದಾವಂತ, ಯಂತ್ರಕ್ಕೊಂದು ಡಬ್ಬಿ ಕೂಡಿಸಿದ್ರ ಕಂಪ್ಯೂಟರ್‌ನ್ಯಾಗ ಎಲ್ಲಾ ಕಾಣ್ತದಂತ. ನೀನು ಆರಿಸು, ನೀನೇ ನಡಸು. ಇನ್ನೊಂದು ಸಲ ಆತ ಹಾದಿ ತಪ್ಪಿದ್ರ ಮನಿ ಹಾದಿ ಹಿಡಸ್ತೀನಿ.'

ಅಂದ್ರ ನೋಡ್ರಿ, ತಪ್ಪು ಮಾಡಿದಾಕಿ ನಾನು, ಹಿಡಿಯೋ ಪೊಲೀಸನ್ನ ಆರಿಸಾಕಿನೂ ನಾನು, ಮತ್ತ ಕೋಳ ಬೀಳೋದು ಕಾಕಾನ ಕೈಗೆ.

ನಾನು ಒಂದು ನಿರ್ಧಾರ ಮಾಡಿದೆ. ಈ ಭೂಮಿ ಮ್ಯಾಲ ಎಲ್ಲಕ್ಕಿಂತ ಹೊಲಸು ಸಾಫ್ಟ್‌ವೇರ್ ಯಾವುದದ ಅದನ್ನ ಹುಡುಕಿ ತರಬೇಕು. ಯಾವುದರಾಗ ಏನೂ ಕಾಣಂಗಿಲ್ಲೋ ಅದನ್ನ. ಅಷ್ಟು ಮನಸಿಟ್ಟು ನಾನು ಬಿಕಾಂ ಪರೀಕ್ಷಾಕ್ಕೂ ಓದಿರಲಿಲ್ಲ.

ಸಾಫ್ಟ್‌ವೇರ್ ಮಾರಾಕ ಮೊದಲ ಬಂದಾಂವ ಹೈದರಾಬಾದಿನಾಂವ. ಶಹಾಪುರದ ಬಿಸಲಾಗ ಟೈ ಕಟ್ಟಿಕೊಂಡು ಬಂದಿದ್ದ, ಪಾಪ, ಮಾತಾಡ್ಕೊಂತ ಮಾತಾಡ್ಕೊಂತ ಅದನ್ನ ಬಿಚ್ಚಿ ಕಿಸೆದಾಗ ಇಟ್ಟ. ಕಾಕಾನ ಇಟಾಚಿಗೆ ಡಬ್ಬಿ ಕೂಡಿಸಿ ಬಂದು, ಸಾವ್ಕಾರ್ರ ಮುಂದ ನಕಾಶಿ ತಗದು, ಕೆಂಪು ಚುಕ್ಕಿ ತೋರಿಸಿದ. ಚುಕ್ಕಿ ಕೃಷ್ಣಾ ಹೊಳಿ ನಟ್ಟನಡು ಇತ್ತು.

ಸಾವ್ಕಾರ್ರು ಎದ್ದೇ ನಿಂತ್ರು. ಕಾಕಾಗ ಫೋನ್ ಹಚ್ಚಿ ಸ್ಪೀಕರ್ ಒತ್ತಿದ್ರು. 'ಎಲ್ಲಿದ್ದಿಯೋ?'

'ದಂಡಿ ಮ್ಯಾಲ್ರಿ.'

'ಹೊಳ್ಯಾಗಿಲ್ಲೇನು?'

'ಹೊಳಿ ಇಲ್ಲಿಂದ ಭಾಳ ದೂರ ಅದರಿ ಸಾವ್ಕಾರ್ರ.'

'ಸರಿಯಾಗಿ ನೋಡು!'

ಕಾಕಾ ಖರೇನೇ ಕೆಳಗ ಇಳದು ನೋಡಿದ ಅಂತ ಕಾಣ್ತದ. 'ಕಾಲು ಒಣಗೇ ಅವರಿ' ಅಂದ.

ನನಗಾದ ಆನಂದ ಅಷ್ಟಿಷ್ಟಲ್ಲ. 'ಸಾವ್ಕಾರ್ರ, ಸ್ವಲ್ಪ ಹೆಚ್ಚು-ಕಮ್ಮಿ ಎಲ್ಲಾದ್ರಾಗೂ ಇರ್ತದರಿ, ನನಗೇನೋ ಇದು ಭಾಳ ಸೇರಿತು' ಅಂದೆ. ಸಾವ್ಕಾರ್ರು ನನ್ನ ಮಾರಿ ನೋಡಿದ್ರು. 'ಯವ್ವಾ, ಇಟಾಚಿ ಹೊಳ್ಯಾಗದ. ನಿನ್ನ ತಲಿ ನೆಟ್ಟಗದನು?' ಅಂದ್ರು.

ಆಮ್ಯಾಲ ಬೆಂಗಳೂರಿನಾವರು ಬಂದ್ರು. 'ಬನ್ನಿ, ಕೂತ್ಕೊಳ್ಳಿ' ಅಂತ ನಮ್ಮ ಆಫೀಸಿನ್ಯಾಗ ನಮಗೇ ಹೇಳೋವಷ್ಟು ಮರ್ಯಾದಿ ಮನುಷ್ಯಾ. ಅವರ ಸಾಫ್ಟ್‌ವೇರ್‌ನ್ಯಾಗ ಯಂತ್ರ ಚಾಲೂ ಮಾಡೋಕಿಂತ ಮುಂಚೆ ಆಪರೇಟರ್ ನಲವತ್ತು ಪ್ರಶ್ನಿಗೆ ಉತ್ತರ ಕೊಡಬೇಕು. ಟಿಪ್ಪರ್ ನಡಸಾಂವ ಒಬ್ಬನನ್ನ ಕೂಡಿಸಿ ಕೇಳಾಕ ಶುರು ಮಾಡಿದ್ರು. ಎಣ್ಣಿ ನೋಡಿದ್ರಾ, ಟಯರ್ ನೋಡಿದ್ರಾ, ನಿನ್ನೆ ಎಷ್ಟು ತಾಸು ನಿದ್ದಿ ಮಾಡಿದ್ರಿ, ಇವತ್ತು ಮನಸ್ಸು ಹೇಗಿದೆ? 'ನನ್ನ ಮನಸ್ಸು ತಗೊಂಡು ನೀವೇನು ಮಾಡ್ತೀರ್ರಿ?' ಅಂದ ಅಂವ, ಖರೇ ಸಿಟ್ಟಿಗೆದ್ದು. ನನಗ ಇದೂ ಸೇರಿತು. ನಲವತ್ತು ಪ್ರಶ್ನಿಗೆ ನಮ್ಮವರು ಜನ್ಮದಾಗ ಉತ್ತರ ಕೊಡಂಗಿಲ್ಲ, ಅಂದ ಮ್ಯಾಲ ಏನೂ ದಾಖಲಾಗಂಗಿಲ್ಲ. ಆದ್ರ ಸಾವ್ಕಾರ್ರು ಗಡಿಯಾರ ನೋಡಿ, 'ಇವರು ಮನಸ್ಸು ತುಂಬೋದ್ರಾಗ ಕಾಲುವಿಗೆ ನೀರು ಬಿಡ್ತಾರ' ಅಂದು ಕಳಿಸಿಬಿಟ್ರು.

ಇನ್ನೂ ಇಬ್ಬರು ಬಂದು ಹೋದ್ರು, ಅವರ ಕಥಿ ಹೇಳಂಗಿಲ್ಲ, ಇಬ್ಬರದೂ ಕಂಪ್ಯೂಟರ್ ಚಾಲೂನೇ ಆಗಲಿಲ್ಲ. ಇವರಾಗೇ ಒಬ್ಬಾತನ್ನ ಹಿಡಕೊಳ್ಳೋಣು ಅಂತ ನಾನು ಖುಷಿಲಿದ್ದೆ. ಅಷ್ಟ್ರಾಗ ಕಲಬುರಗಿಯಿಂದ ಒಬ್ಬಾಂವ ಬಂದ. ನಲವತ್ತೈದರ ಮನುಷ್ಯಾ, ಕಾಲಾಗ ಚಪ್ಪಲಿ, ಮೊದಲ ಪಂಪ್‌ಸೆಟ್ ಮಾರತಿದ್ನಂತ. ಭಾಳ ಮಾತಾಡಲಿಲ್ಲ. ಡಬ್ಬಿ ಕೂಡಿಸಿದ, ಬಂದ, ತೋರಿಸಿದ. ಕಾಕಾ ಇಟಾಚಿ ನಿಲ್ಲಿಸಿ ಬೇವಿನ ಗಿಡದ ನೆಳ್ಳಿಗೆ ಹಿಂದ ಸರಿಸಿದ್ರ ಅದೂ ಕಂಡಿತು. ಎಷ್ಟು ಹೊತ್ತು ನಿಂತಿತು, ಎಷ್ಟು ಹೊತ್ತು ಓಡಿತು, ಯಾವ ಹೊತ್ತಿಗೆ ಹಾದಿ ಬಿಟ್ಟು ಹೋಯ್ತು, ಎಲ್ಲಾ. ಹಿಂಥಾ ಚಲೋ ಸಾಫ್ಟ್‌ವೇರ್ ನಾನು ಕನಸಿನ್ಯಾಗೂ ನೋಡಿರಲಿಲ್ಲ. ನನ್ನ ಎದಿ ಒಡೀತು.

ತಪ್ಪು ಹುಡುಕಾಕ ನಿಂತೆ. 'ನೆಟ್‌ವರ್ಕ್ ಇಲ್ಲಂದ್ರ?' ಅಂದೆ. ಡಬ್ಬಿ ನೆನಪಿಟ್ಟು ಆಮ್ಯಾಲ ಹೇಳ್ತದರಿ ಅಂದ. 'ಮಳಿ?' ನೀರು ಹೋಗಂಗಿಲ್ಲರಿ. 'ಧೂಳು?' ಅದೂ ಹೋಗಂಗಿಲ್ಲರಿ. 'ಬೆಂಕಿ ಹತ್ತಿದ್ರ?' ಅಂದೆ, ಹಟಕ್ಕ ಬಿದ್ದು. ಅಂವ ತಲಿ ಕೆರಕೊಂಡು, 'ಆವಾಗ ಇಟಾಚಿನೇ ಹೋಗಿರ್ತದಲ್ಲರಿ ಮೇಡಮ್ಮೋರ' ಅಂದ. ಸಾವ್ಕಾರ್ರು ಹಿಂದ ನಿಂತು ಕೇಳಿ ಭಾಳ ಖುಷಿಪಟ್ರು. 'ನೋಡು, ನಮ್ಮ ಆಫೀಸಿನಾಕಿ ಎಷ್ಟು ಬಿಗಿ ಇದ್ದಾಳ! ಬೆಂಕಿ ತನಕ ವಿಚಾರ ಮಾಡ್ಯಾಳ' ಅಂದು ನನ್ನ ಹೊಗಳಿದ್ರು. ಹದಿನೈದು ದಿನ ನಾಲ್ಕೂ ಇಟಾಚಿಗೆ ಡಬ್ಬಿ ಹಾಕಿ ನೋಡೋಣು, ಆಮ್ಯಾಲ ಖರೀದಿ ಅಂತ ಠರಾವಾಯಿತು.

ನನ್ನ ಆಸೆ ಈಗ ಆಪರೇಟರ್‌ಗಳ ಮ್ಯಾಲ ನಿಂತಿತ್ತು. ಅವರ ಕೈಗೆ ಸಿಕ್ಕ ಸಾಮಾನು ಹದಿನೈದು ದಿನ ಉಳಿಯೋದು ಕಷ್ಟ. ಅಮಾಸಿ ಬಂತು. ಅಮಾಸಿ ದಿನ ಯಂತ್ರಕ್ಕ ಪೂಜಿ ಮಾಡ್ದೇ ಯಾರೂ ಮುಟ್ಟಂಗಿಲ್ಲ, ಹೊಸ ಸಾಮಾನು ಕೂಡಿದ್ರಂತೂ ಅದಕ್ಕ ಬ್ಯಾರೇ ಪೂಜಿ. ನಾಲ್ಕೂ ಡಬ್ಬಿಗೆ ವಿಭೂತಿ ಬಳದು, ಕುಂಕುಮ ಹಚ್ಚಿ, ಟೆಂಗಿನಕಾಯಿ ಒಡದು ನೀರು ತಲಿ ಮ್ಯಾಲ ಸುರುವಿದ್ರು. ಒಬ್ಬಾಂವ ನಿಂಬಿಹಣ್ಣು ಹಿಂಡಿದ. ಕೆಟ್ಟಿರಬೇಕು, ಕೆಟ್ಟಿರಬೇಕು ಅಂತ ನಾನು ಓಡಿ ಹೋಗಿ ಕಂಪ್ಯೂಟರ್ ನೋಡಿದ್ರ ನಾಲ್ಕೂ ಚುಕ್ಕಿ ನೆಟ್ಟಗ ತಮ್ಮ ತಮ್ಮ ಜಾಗದಾಗ ಇದ್ದುವು. ಕಲಬುರಗಿಯಾಂವ ಖರೇ ಹೇಳಿದ್ದ.

ಅಷ್ಟ್ರಾಗ ಇನ್ನೊಂದು ಸುದ್ದಿ ಹಬ್ಬಿತು. ಡಬ್ಬಿಗೆ ಕಿವಿ ಅದ, ಕ್ಯಾಬಿನ್ನಿನ್ಯಾಗ ಮಾತಾಡಿದ್ದೆಲ್ಲಾ ಸಾವ್ಕಾರ್ರಿಗೆ ಕೇಳ್ತದ ಅಂತ. ಹಂಗೇನಿಲ್ಲ ಅಂತ ನಾನು ಎಷ್ಟು ಹೇಳಿದ್ರೂ, 'ನಿಮಗ ಹೇಳಿರಂಗಿಲ್ಲ ಬಿಡ್ರಿ ಅಕ್ಕಾರ' ಅಂತಿದ್ರು. ಮುಂಜಾನಿಯಿಂದ ಸಂಜಿ ತನಕ ಸಾವ್ಕಾರ್ರನ್ನ ಬಾಯಿ ತುಂಬಾ ಬೈಯ್ಯೋ ಮಂದಿ ಒಮ್ಮಿಗಲೇ ಬಾಯಿ ತೊಳಕೊಂಡ್ರು. ಒಬ್ಬಾಂವ ದಿನಾ ಇಟಾಚಿ ಹತ್ತಿದ ಕೂಡಲೇ ಡಬ್ಬಿ ಹತ್ರ ಬಾಯಿ ತಂದು, 'ನಮ್ಮ ಸಾವ್ಕಾರ್ರಂಥ ಸಾವ್ಕಾರ್ರು ಈ ಸುರಪುರ ತಾಲೂಕಿನ್ಯಾಗೇ ಇಲ್ಲ' ಅಂತ ಜೋರಾಗಿ ಹೇಳ್ತಿದ್ನಂತ. ಆಮ್ಯಾಲ, ಪಕ್ಕದ ಇಟಾಚಿಯಾಂವನ ಹೆಸರು ಹಿಡದು, 'ಇಂವ ಇನ್ನೂ ಬಂದಿಲ್ಲ ನೋಡ್ರಿ' ಅಂತ ಚಾಡಿನೂ ಹೇಳ್ತಿದ್ನಂತ.

ಇನ್ನೊಬ್ಬಾತಂದು ಇನ್ನೂ ಮಜಾ. ಅವನ ತಂಗೀದು ಕುಬಸ, ಅಂದ್ರ ಸೀಮಂತ, ಇತ್ತು. ಮೂರು ದಿನ ಡಬ್ಬಿ ಮುಂದ ನಿಂತು, 'ಸಾವ್ಕಾರ್ರ, ನಂದು ರಜಾ ಬೇಕಾಗಿತ್ರಿ, ಬರೇ ಎರಡು ದಿನರಿ' ಅಂತ ಕೈ ಮುಗದು ಕೇಳ್ಯಾನ. ಡಬ್ಬಿ ಬ್ಯಾಡ ಅನ್ನಲಿಲ್ಲ. ನಾಲ್ಕನೇ ದಿನ ಹೋಗೇಬಿಟ್ಟ. ವಾಪಸ್ ಬಂದಾಗ ಸಾವ್ಕಾರ್ರು ಮೈಮ್ಯಾಲ ಹೋದ್ರ, ಇಂವ ಕಣ್ಣಾಗ ನೀರು ತಂದು, 'ಮೂರು ದಿನ ಹೇಳೀನ್ರಿ! ಬ್ಯಾಡಂದ್ರ ಆವಾಗೇ ಬ್ಯಾಡನ್ನಬೇಕಿತ್ತು' ಅಂದ. ಸಾವ್ಕಾರ್ರಿಗೆ ತಿಳೀಲಿಲ್ಲ. ನಾನು ತಿಳಿಸಿ ಹೇಳಿದ ಮ್ಯಾಲ ಹಣಿ ಬಡಕೊಂಡ್ರು, ಆದ್ರ ಇಡೀ ತಾಲೂಕಿನ್ಯಾಗ ತಮ್ಮಂಥಾವರಿಲ್ಲ ಅನ್ನೋ ಮಾತು ಕೇಳಿ ಒಳಗೊಳಗೆ ಖುಷಿ ಆದದ್ದು ನನಗ ಕಂಡಿತು.

ಡಬ್ಬಿ ಜೊತಿ ಮಾತಾಡ್ದೇ ಇದ್ದಾಂವ ಕಾಕಾ ಒಬ್ಬನೇ. ಹೊತ್ತಿಗೆ ಸರಿಯಾಗಿ ಇಟಾಚಿ ಹತ್ತಿ, ಹೊತ್ತಿಗೆ ಸರಿಯಾಗಿ ಇಳೀತಿದ್ದ. 'ಇವತ್ತ ಹಾದಿ ಸಿಕ್ತೇನೋ?' ಅಂದ್ರ 'ಸಿಕ್ತರಿ' ಅಂತಿದ್ದ. ಮಾರಿ ಮಾತ್ರ ದಿನದಿಂದ ದಿನಕ್ಕ ಸಣ್ಣಾಗಾಕತ್ತಿತ್ತು.

ಆ ಹದಿನೈದು ದಿನದಾಗೇ ಒಂದು ಮಧ್ಯಾಹ್ನ ಕಾಕಾನ ಇಟಾಚಿ ನಿಂತಿದ್ದ ಸೀಮಿ ಊರಿನ ಮೂರು ಮಂದಿ ಹಿರಿಯರು ಆಫೀಸಿಗೆ ಬಂದ್ರು. ಊರಾಗ ಒಬ್ಬರು ತೀರಿಕೊಂಡಾರ, ಒಂದು ತಾಸು ಇಟಾಚಿ ಬೇಕು ಅಂದ್ರು. ಈ ಸಲ ರಿವಾಜಿನ ಪ್ರಕಾರ ಅವರ ಹಕ್ಕೇ ಇತ್ತು. ನಾನು ಕಂಪ್ಯೂಟರ್ ಕಡೆ ನೋಡಿದೆ. ಇಟಾಚಿ ಒಂದು ಹೆಜ್ಜಿ ದಂಡಿ ಬಿಟ್ರ ಸಾವ್ಕಾರ್ರ ಫೋನಿಗೆ ಗಂಟಿ ಬಡೀತದ, ಕಾಕಾ ಮನಿಗೆ ಹೋಗ್ತಾನ. 'ಆಗಂಗಿಲ್ಲರಿ, ಈಗ ಡಬ್ಬಿ ಕೂಡ್ಸ್ಯಾರ' ಅಂದೆ. ಅದರಾಗ ಹಿರಿಯಾತ ಒಬ್ಬಾತ, 'ಡಬ್ಬೀನ್ನ ಕೇಳಬೇಕೇನವಾ ಹಂಗಾದ್ರ?' ಅಂದ. ಕುಹಕ ಇರಲಿಲ್ಲ, ಖರೇನೇ ಕೇಳಿದ, ಎಲ್ಲ್ಯದ ತೋರಿಸು, ಕೇಳ್ತೀನಿ ಅನ್ನೋರಂಗ. ಅವರು ಹಾರಿ ಹುಡಕಾಕ ಹೊಂಟು ಹೋದ್ರು. ಆವತ್ತು ನಾನು ಬುತ್ತಿ ಬಿಚ್ಚಲಿಲ್ಲ. ನನ್ನ ಮ್ಯಾಲೇ ನನಗ ಅಷ್ಟು ಸಿಟ್ಟು ಬಂದಿತ್ತು.

ಹದಿನೈದು ದಿನ ಮುಗಿದ ಮರುದಿನ ಮುಂಜಾನಿ ಸಾವ್ಕಾರ್ರು ಎಲ್ಲಾರನ್ನೂ ಆಫೀಸಿಗೆ ಕರಸಿದ್ರು. ನಾಲ್ಕು ಇಟಾಚಿ ಆಪರೇಟರ್‌ಗಳು ಗ್ವಾಡಿಗೆ ಹೊಂದಿ ನಿಂತಿದ್ರು, ಹೆಗಲ ಮ್ಯಾಲ ಟಾವೆಲ್ ಹಾಕ್ಕೊಂಡು. ಇನ್ನ ಮ್ಯಾಲ ಹ್ಯಾಂಗ ಸಿಕ್ಕಿ ಬೀಳ್ತೀರಿ ಅನ್ನೋದು ಕಣ್ಣಾರೆ ನೋಡ್ಲಿ ಅಂತ ಸಾವ್ಕಾರ್ರ ಆಸೆ. ಕಲಬುರಗಿಯಾಂವ ಕಂಪ್ಯೂಟರ್ ಮುಂದ ನನ್ನನ್ನ ಕೂಡಿಸಿ ತಾನು ಪಕ್ಕಕ್ಕ ನಿಂತ. ಮುಂದ ನಡಸಾಕಿ ನಾನಲ್ಲೇನು, ಕೈ ನಂದೇ ಇರ್ಲಿ ಅಂತ.

ಎಲ್ಲಾ ನೋಡಿ ಆಯಿತು. ಸಾವ್ಕಾರ್ರು ಮೀಸಿ ಮ್ಯಾಲ ಕೈ ಆಡಿಸಿ, 'ಹಳೇದೂ ಬರದು ಇಡಬಹುದೇನು ಇದರಾಗ?' ಅಂತ ಕೇಳಿದ್ರು. ಬರೀಬಹುದ್ರಿ ಅಂದ ಅಂವ. 'ಹಂಗಾದ್ರ ಮೊದಲನೇ ದಾಖಲಾ ಆ ಇಟಾಚಿ ಹಾದಿ ತಪ್ಪಿದ ದಿನದ್ದೇ ಆಗ್ಲಿ' ಅಂದ್ರು. ಆಪರೇಟರ್‌ಗಳು ಕಿಸಕ್ಕನೆ ನಕ್ರು. ಕಾಕಾ ತಲಿ ಕೆಳಗ ಹಾಕಿದ.

ನಾನು ಬರಿಯಾಕ ಶುರು ಮಾಡಿದೆ. ತಾರೀಖು ನೋಡಾಕ ನನಗ ರಿಜಿಸ್ಟರ್ ಬೇಕಾಗಿರಲಿಲ್ಲ. ಯಂತ್ರ ಯಾವುದು, ಎಲ್ಲಿಂದ ಹೋಯ್ತು, ಎಷ್ಟು ಹೊತ್ತಿಗೆ ಹೋಯ್ತು, ಎಷ್ಟು ಹೊತ್ತಿಗೆ ಬಂತು. ಕೊನೀಗೆ ಒಂದು ಖಾನಿ, ಯಾರ ಹುಕುಮಿನ ಮ್ಯಾಲ ಹೋಯ್ತು ಅಂತ. ಅದರ ಸುತ್ತ ಕೆಂಪು ಗೆರಿ.

'ಯಾರದೂ ಇಲ್ಲ ಅಂತ ಬರಿ' ಅಂದ್ರು ಸಾವ್ಕಾರ್ರು. ಬರದೆ. ಕಂಪ್ಯೂಟರ್ ತಗೊಳ್ಳಲಿಲ್ಲ.

'ಅದರಾಗ ಹೆಸರೇ ಬೇಕ್ರಿ' ಅಂದ ಕಲಬುರಗಿಯಾಂವ. 'ಹುಕುಂ ಇಲ್ದೇ ಯಂತ್ರ ಹೋಗಂಗಿಲ್ಲ ಅಂತ ಇದರ ತಿಳುವಳಿಕಿ. ಪಟ್ಟ್ಯಾಗಿಂದ ಆರಿಸಬೇಕು.' ಪಟ್ಟ್ಯಾಗ ಎರಡೇ ಹೆಸರಿದ್ದುವು. ಒಂದು ಸಾವ್ಕಾರ್ರದು, ಒಂದು ನಂದು.

'ಹಾಂ, ನನ್ನದೇ ಒತ್ತು, ಸುಮ್ನ ತೋರಸಾಕ ಅಲ್ಲೇನು' ಅಂದ್ರು ಸಾವ್ಕಾರ್ರು. ಒಮ್ಮೆ ಒತ್ತಿದ್ರ ಅಳಸಾಕ ಬರಂಗಿಲ್ಲರಿ ಅಂದ ಅಂವ. 'ಹಂಗಾದ್ರ ಬ್ಯಾಡ, ನಾನ್ಯಾಕ ಕಳಿಸ್ಲಿ? ಈಂವನ ಹೆಸರು ಸೇರಿಸು ಪಟ್ಟಿಗೆ. ಈಂವನೇ ಹೋಗ್ಯಾನ, ಈಂವನ ಹೆಸರೇ ಇರ್ಲಿ, ಹೊಸ ದಫ್ತರದಾಗ ಮೊದಲನೇ ಹೆಸರು.'

ಕಲಬುರಗಿಯಾಂವ ಒಂದು ಹಾಳಿ ತಗೊಂಡು ಕಾಕಾನ ಕಡೆ ತಿರುಗಿ, 'ಪೂರಾ ಹೆಸರು ಹೇಳ್ರಿ' ಅಂದ. ಕಾಕಾ ಹೇಳಾಕ ಶುರು ಮಾಡಿದ. ತನ್ನ ಹೆಸರು, ಅಪ್ಪನ ಹೆಸರು, ಮನೆತನದ ಹೆಸರು, ಊರು. ಶಾಲಿಗೆ ಹೆಸರು ಹಚ್ಚಾಕ ಬಂದಾವರಂಗ, ನಿಂತು ನಿಂತು, ಒಂದೊಂದೇ.

ನನಗ ತಡಿಯಾಕ ಆಗಲಿಲ್ಲ. ಅಂವ ಊರಿನ ಹೆಸರು ಹೇಳಿ ಮುಗಿಸೋದ್ರೊಳಗ ನಾನು ನನ್ನ ಹೆಸರಿನ ಮ್ಯಾಲ ಒತ್ತಿಬಿಟ್ಟೆ.

ಕೆಂಪು ಗೆರಿ ಹಸರಾಯಿತು. 'ಹಾಂ, ತಗೊಂತು ನೋಡ್ರಿ, ಚಲೋ ನಡೀತದ' ಅಂದ ಕಲಬುರಗಿಯಾಂವ, ಏನೂ ಗೊತ್ತಿಲ್ದೇ, ಭಾಳ ಖುಷಿಲೆ.

ಸಾವ್ಕಾರ್ರು ಬಗ್ಗಿ ಓದಿದ್ರು. 'ಇದೇನಬೇ, ನಿನ್ನ ಹೆಸರು?' ಅಂದ್ರು. 'ನಾನೇ ಕಳಿಸಿದ್ದೆರಿ. ಕುಣಿ ತೋಡಾಕ' ಅಂದೆ. ಒಂದ್ಸಲ ಬಾಯಿ ತಗದ ಮ್ಯಾಲ ಮುಚ್ಚಲಿಲ್ಲ. ರೊಟ್ಟಿ ಮಾರಾಕಿ, ಮೂರು ವರ್ಷ ಕೊಟ್ಟಿದ್ದು, ಊರಿನ ತಾಸು, ಗ್ರೀಸು, ಎಲ್ಲಾ ಹೇಳಿಬಿಟ್ಟೆ.

'ಅಕ್ಕಾರು ಸುಳ್ಳ ಹೇಳಾಕತ್ತಾರ್ರಿ' ಅಂದ ಕಾಕಾ ಗ್ವಾಡಿ ಕಡಿಂದ. 'ನಂದು ಹಾದಿ ತಪ್ಪಿತ್ರಿ.'

'ಇನ್ನೂ ತಪ್ಪಿತ್ರಿ ಅಂತೀಯಲ್ಲೋ!' ಅಂತ ಸಾವ್ಕಾರ್ರು ಎಂಥಾ ಒದರು ಒದರಿದ್ರು ಅಂದ್ರ ಹೊರಗ ಚಾ ಮಾರಾಂವ ಒಳಗ ಹಣಿಕಿ ಹಾಕಿದ. ಆಮ್ಯಾಲ ಖುರ್ಚಿ ಎಳಕೊಂಡು ಕುಂತು, ಭಾಳ ಹೊತ್ತು ಮೀಸಿ ತೀಡಿದ್ರು. ಇಪ್ಪತ್ತು ವರ್ಷ ಕಾಲುವಿ ಮಾಡಿದೆ, ಒಬ್ಬರೂ ನನಗ ಹೇಳಲಿಲ್ಲಲ್ಲ ಅಂದ್ರು. ಆ ದನಿಯಾಗ ಸಿಟ್ಟಿಗಿಂತ ಬ್ಯಾರೆ ಏನೋ ಇತ್ತು, ಒಬ್ಬನ್ನೇ ಬಿಟ್ಟು ಎಲ್ಲಾರೂ ಊಟಕ್ಕ ಹೋದಂಗ.

'ಯಾಕ ಹೋಯ್ತು ಅನ್ನೋ ಖಾನ್ಯಾಗ ಏನೇನು ಅವ?' ಅಂತ ಕೇಳಿದ್ರು. ಅಗೆತ, ಸಾಗಾಟ, ರಿಪೇರಿ ಅಂತ ಓದಿದ ಕಲಬುರಗಿಯಾಂವ. 'ಕುಣಿ ಅಂತ ಒಂದು ಹಾಕು. ಈಕಿ ಹೆಸರು ಆ ಹುಕುಮಿನ ಪಟ್ಟ್ಯಾಗಿಂದ ತಗಿ. ಯಾವ ಊರಿನವರು ಬಂದ್ರೂ ಇನ್ನ ಮ್ಯಾಲ ನನ್ನ ಕೇಳಬೇಕು, ನಾನೇ ಒತ್ತಬೇಕು.' ನನ್ನ ಖುರ್ಚಿ ಬಗ್ಗೆ ಏನೂ ಅನ್ನಲಿಲ್ಲ. ಕಾಕಾನ ಬಗ್ಗೆನೂ ಏನೂ ಅನ್ನಲಿಲ್ಲ. ಎದ್ದು ಹೋಗೋವಾಗ ಅವನ ಮುಂದ ಒಂದು ಕ್ಷಣ ನಿಂತ್ರು, ಹಾದಿ ಮಾತು ಮಾತ್ರ ತಗೀಲಿಲ್ಲ.

ನಾನು ಹಗುರಾಗಿ ಹೊರಗ ಓಡಿದೆ. ಕಾಕಾ ಖುಷಿ ಆಗಿರ್ತಾನ, ಎರಡು ತಿಂಗಳ ಅವಮಾನ ಇಳೀತು ಅಂತ ಕೈ ಹಿಡ್ಕೊಂಡು ಅಳ್ತಾನ ಅಂತ ಅನ್ಕೊಂಡಿದ್ದೆ. ಅಂವ ಬೀಡಿ ಹಚ್ಚಿ ನಿಂತಿದ್ದ, ಮಾರಿ ಕೆಂಡ ಆಗಿತ್ತು.

'ನಿಮಗ ಯಾರು ಹೇಳಂದ್ರು?' ಅಂದ. 'ಎರಡು ತಿಂಗಳು ಎಲ್ಲಾರ ಕೈಯಾಗ ನಗಸಿಕೊಂಡೀನಿ, ಒಂದು ದಿನ ಬಾಯಿ ಬಿಟ್ಟಿಲ್ಲ. ಎಲ್ಲಾ ಹಾಳ ಮಾಡಿದ್ರಿ.'

'ಕಾಕಾ, ನಿಮ್ಮ ಸಲುವಾಗಿನೇ...' ಅಂದೆ.

'ನನ್ನ ಸಲುವಾಗಿ ಬ್ಯಾಡರಿ. ನಾನು ಸುರಪುರದಾಗ ಲಾರಿ ತೊಳಕೊಂತ ಇದ್ದಾಗ ಒಂದು ವರ್ಷ ಒಂದು ರಾತ್ರಿನೂ ಉಪವಾಸ ಮಲಗಿಲ್ಲ, ಯಾಕ ಅಂತ ಕೇಳೀರೇನು? ಆಕಿ ರೊಟ್ಟಿ ನೀವೊಬ್ಬಾಕೀನೇ ತಿಂದೀರೇನ್ರಿ, ಋಣ ನಿಮಗೊಬ್ಬಾಕಿಗೇ ಅದ ಏನ್ರಿ?'

ಬೀಡಿ ಒಗದು ಹೋದ. ಎಂಟು ದಿನ ನನ್ನ ಜೊತಿ ಮಾತಾಡಲಿಲ್ಲ. ಮುಂಜಾನಿ ಒಂಬತ್ತಕ್ಕ ಫೋನ್ ಹಚ್ಚಿ, 'ಕಾಕಾ, ಎಲ್ಲಿದ್ದೀರಿ?' ಅಂದ್ರ, 'ಸಾಫ್ಟ್‌ವೇರ್ ತಗೊಂಡೀರಲ್ಲ, ಅದರಾಗ ನೋಡ್ಕೋರಿ' ಅಂದು ಇಟ್ಟುಬಿಡ್ತಿದ್ದ.